ಬಿಸಿಲೇರುವ ದಿನಗಳಲ್ಲಿ ದುಡಿಮೆ ಮತ್ತು ವಿಶ್ರಾಂತಿ

ಶಿವರಾತ್ರಿಗೆ ಚಳಿ 'ಶಿವ ಶಿವ' ಎಂದು ಹೋಗುತ್ತದೆ ಎಂಬುದು ನಮ್ಮ ರೈತರ ಅನುಭವದ ಮಾತು. ಪಂಚಾಂಗದಂತೆ ಚೈತ್ರ, ವೈಶಾಖಗಳು ವಸಂತ ಋತುವಾದರೂ ಬಯಲುಸೀಮೆಯ ಹೊಲಗಳಲ್ಲಿ ಆ ವೇಳೆಗಾಗಲೇ ಬೇಸಿಗೆ ಕಾಲಿಟ್ಟಿರುತ್ತದೆ. ರಾಯಚೂರು, ಕಲಬುರಗಿ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹಿಂಗಾರಿ ಬೆಳೆಗಳ ಒಕ್ಕಣೆ, ಮಾಗಿ ಉಳುಮೆ, ಗೊಬ್ಬರ ಸಾಗಿಸುವುದು ಮುಂತಾದ ಶ್ರಮದ ಕೆಲಸಗಳು ಬರುವುದೂ ಬಿಸಿಲು ಏರುವ ಈ ದಿನಗಳಲ್ಲಿಯೇ. ಆದ್ದರಿಂದ ಬೀಜ, ಗೊಬ್ಬರಗಳಿಗೆ ಮಾಡುವಂತೆ ದುಡಿಮೆ, ವಿಶ್ರಾಂತಿಗಳಿಗೂ ಯೋಜನೆ ಮಾಡಿಕೊಳ್ಳುವುದು ಅಗತ್ಯ.

ದೇಹ ಒಗ್ಗಲು ಕಾಲಾವಕಾಶ

ದುಡಿಯುವಾಗ ದೇಹವು ಬಳಸುವ ಶಕ್ತಿಯ ಹೆಚ್ಚಿನ ಭಾಗ ಶಾಖವಾಗಿ ಮಾರ್ಪಡುತ್ತದೆ. ಬೆವರು ಆರುವುದರಿಂದ ಈ ಶಾಖ ಹೊರಹೋಗುತ್ತದೆ. ಹೊಸ ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಒಗ್ಗಿದ ದೇಹದಲ್ಲಿ ಬೆವರು ಬೇಗ ಬರುತ್ತದೆ ಮತ್ತು ಬೆವರಿನಲ್ಲಿ ಹೋಗುವ ಉಪ್ಪಿನ ಪ್ರಮಾಣ ಕಡಿಮೆಯಾಗುತ್ತದೆ. ಹೀಗಾಗಿ ಬಿಸಿಲು ಹಠಾತ್ತನೆ ಏರಿದ ಮೊದಲ ಕೆಲವು ದಿನಗಳು ವಿಶೇಷ ಅಪಾಯಕಾರಿ. ಆ ದಿನಗಳಲ್ಲಿ ಅರ್ಧದಷ್ಟು ಕೆಲಸದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು. ಪಟ್ಟಣದಿಂದ ಹಿಂದಿರುಗಿದವರು, ಕಾಯಿಲೆಯಿಂದ ಎದ್ದವರು ಇನ್ನೂ ಕಡಿಮೆ ಕೆಲಸದಿಂದ ಪ್ರಾರಂಭಿಸುವುದು ಒಳ್ಳೆಯದು.

ದಿನದ ಕೆಲಸದ ಹಂಚಿಕೆ

ಕೆಲಸವನ್ನು ಕಡಿಮೆ ಮಾಡುವುದಕ್ಕಿಂತ ಅದರ ಹೊತ್ತನ್ನು ಬದಲಾಯಿಸುವುದು ಮುಖ್ಯ. ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು:

1. ಬೆಳಿಗ್ಗೆ 6ರಿಂದ 8: ಉಳುಮೆ, ಅಗೆತ, ಹೊರೆ ಹೊರುವಂತಹ ಭಾರದ ಕೆಲಸ. ಬಳಿಕ ಕಾಲು ಗಂಟೆ ನೆರಳಿನಲ್ಲಿ ವಿಶ್ರಾಂತಿ.
2. 8-15ರಿಂದ 10-30: ಉಳಿದ ಹೊಲದ ಕೆಲಸ.
3. 10-30ರಿಂದ 4: ಊಟ, ನಿದ್ರೆ. ಅನಂತರ ಬೀಜ ಹಸನು ಮಾಡುವುದು, ಹಗ್ಗ ಹೊಸೆಯುವುದು ಮುಂತಾದ ನೆರಳಿನ ಕೆಲಸ.
4. ಸಂಜೆ 4ರಿಂದ 6-15: ಮತ್ತೆ ಹೊಲದ ಕೆಲಸ.

ಹೀಗೆ ಹೊಲದಲ್ಲಿ ಆರೂವರೆ ಗಂಟೆಗಳ ಕೆಲಸ ಸಾಗುತ್ತದೆ. ಬಾಯಾರಿಕೆಯಾಗುವವರೆಗೆ ಕಾಯದೆ ಪ್ರತಿ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ನಮ್ಮ ರಾಗಿ ಅಂಬಲಿ, ಉಪ್ಪು ಹಾಕಿದ ನೀರು ಮಜ್ಜಿಗೆ ಇದಕ್ಕೆ ಬಹಳ ಸೂಕ್ತ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಕೂಲಿಯವರು ಕೂಲಿ ಕಡಿತದ ಭಯದಿಂದ ಮಧ್ಯಾಹ್ನವೂ ದುಡಿಯುತ್ತಾರೆ. ಬೆಳಿಗ್ಗೆ ಬೇಗ ಬಂದವರಿಗೆ ಪೂರ್ಣ ಕೂಲಿ ಎಂದು ಮೊದಲೇ ತಿಳಿಸಬೇಕು. ಎರಡನೆಯದಾಗಿ, ಗಂಡಸರು ಮಲಗುವ ಮಧ್ಯಾಹ್ನದಲ್ಲಿ ಮನೆಯ ಹೆಣ್ಣುಮಕ್ಕಳು ಒಲೆಯ ಮುಂದೆ ಇರುತ್ತಾರೆ, ಇಲ್ಲವೆ ನೀರು ಹೊರುತ್ತಾರೆ. ಅವರಿಗೆ ದೊರೆಯದ ವಿಶ್ರಾಂತಿ ಆ ಮನೆಯ ಪಾಲಿಗೆ ಅರ್ಧ ವಿಶ್ರಾಂತಿ ಮಾತ್ರ. ಮನೆಗೆಲಸವನ್ನು ಎಲ್ಲರೂ ಹಂಚಿಕೊಳ್ಳುವುದೇ ಇದಕ್ಕೆ ಪರಿಹಾರ.

ಎತ್ತುಗಳ ಆರೈಕೆ

ಟ್ರ್ಯಾಕ್ಟರ್ ಬಂದಿದ್ದರೂ ಎತ್ತುಗಳನ್ನೇ ನಂಬಿರುವ ರೈತರು ಈಗಲೂ ಇದ್ದಾರೆ. ಹಳ್ಳಿಕಾರ್, ಅಮೃತಮಹಲ್‌ನಂತಹ ನಾಟಿ ತಳಿಗಳು ಬಿಸಿಲನ್ನು ತಡೆಯಬಲ್ಲವಾದರೂ ಅದಕ್ಕೆ ಮಿತಿಯುಂಟು. 1965ರ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ಗಾಡಿ ಎಳೆಯುವ ಎತ್ತನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಹೊಲದ ಕೆಲಸಕ್ಕೂ ಈ ಮಿತಿಯನ್ನು ಪಾಲಿಸುವುದು ಲೇಸು. ಬಾಯಿ ತೆರೆದು ತೇಗುವುದು, ನಾಲಿಗೆ ಹೊರಚಾಚುವುದು, ನೊರೆ ಸುರಿಸುವುದು, ಹೆಜ್ಜೆ ತಪ್ಪುವುದು ಕಂಡ ಕೂಡಲೇ ನೊಗ ಬಿಚ್ಚಿ ನೆರಳಿಗೆ ಕಟ್ಟಿ, ನೀರು ಕುಡಿಸಿ, ಮೈಮೇಲೂ ನೀರು ಹಾಕಬೇಕು. ಮೇವು ಜೀರ್ಣವಾಗುವಾಗಲೂ ಶಾಖ ಹುಟ್ಟುವುದರಿಂದ ಹೆಚ್ಚಿನ ಮೇವನ್ನು ಸಂಜೆ ಮತ್ತು ರಾತ್ರಿ ಕೊಡಬೇಕು. ಮಧ್ಯಾಹ್ನದ ಬಿಡುವು ಎತ್ತಿಗೆ ಮೆಲುಕು ಹಾಕುವ ಕಾಲವೂ ಹೌದು.

ಉಳುಮೆಯ ಯೋಜನೆ

ಹಿಂಗಾರಿ ಬೆಳೆ ಕಟಾವಾದ ಕೂಡಲೇ, ಮಣ್ಣಿನಲ್ಲಿ ತೇವ ಉಳಿದಿರುವಾಗಲೇ ಇಳಿಜಾರಿಗೆ ಅಡ್ಡಲಾಗಿ ಮಾಗಿ ಉಳುಮೆ ಮುಗಿಸಬೇಕು. ತೇವವಿರುವ ನೆಲದಲ್ಲಿ ಎಳೆತದ ಶ್ರಮ ಕಡಿಮೆ. ಮೇಲೆ ಬಂದ ಕೀಟಗಳ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕಿ ನಾಶವಾಗುತ್ತವೆ. ತಡಮಾಡಿದರೆ ಗಟ್ಟಿಯಾದ ನೆಲವನ್ನು ಉರಿಬಿಸಿಲಿನಲ್ಲಿ ಉಳಬೇಕಾಗುತ್ತದೆ. ಅಂತಹ ನೆಲವನ್ನು ಅಶ್ವಿನಿ, ಭರಣಿ ಮಳೆ ಬಿದ್ದ ಮೇಲೆ ಉಳುವುದು ಉತ್ತಮ.

ಅಪಾಯದ ಸೂಚನೆಗಳು

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ಕೆಲಸ ನಿಲ್ಲಿಸಿ ನೆರಳು ಸೇರಬೇಕು. ಮೈ ಸುಡುತ್ತಾ ಮಾತು ತಡವರಿಸಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ. ಇದು ಪ್ರಾಣಕ್ಕೆ ಅಪಾಯ. ಕೂಡಲೇ ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಾ, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಉರಿಬಿಸಿಲಿನಲ್ಲಿ ತೆಗೆದುಕೊಳ್ಳುವ ವಿಶ್ರಾಂತಿ ಸೋಮಾರಿತನವಲ್ಲ. ಅದು ಬೇಸಾಯದ ಒಂದು ಭಾಗ. ಮುಂಗಾರು ಬಂದಾಗ ಬಿತ್ತನೆಗೆ ಬೇಕಾಗುವ ಶಕ್ತಿ ಉಳಿಯುವುದು ಈ ದಿನಗಳಲ್ಲಿ ದೇಹವನ್ನು ಕಾಪಾಡಿಕೊಂಡಾಗ ಮಾತ್ರ. ರೈತ ಬಾಂಧವರು ಈ ಕ್ರಮಗಳನ್ನು ಯುಗಾದಿಗೆ ಮೊದಲೇ ರೂಢಿಸಿಕೊಳ್ಳುವುದು ಸೂಕ್ತ.