ಪೆನ್‌ಡ್ರೈವ್‌ನಲ್ಲಿ ನಾಕು ಜಿಬಿ ಎಲ್ಲಿ ಹೋಯಿತು?

ಸೇಡಂನಲ್ಲೋ ಚಿಂಚೋಳಿಯಲ್ಲೋ 64 ಜಿಬಿ ಪೆನ್‌ಡ್ರೈವ್ ಕೊಂಡು ಕಂಪ್ಯೂಟರಿಗೆ ಹಾಕಿದರೆ 59.6 ಎಂದಷ್ಟೇ ಕಾಣುತ್ತದೆ. "ಅಣ್ಣಾ, ಇದರಾಗ ನಾಕ್ ಜಿಬಿ ಕಮ್ಮಿ ಅದಾ" ಎಂದು ಅಂಗಡಿಗೆ ತಿರುಗಿ ಹೋಗುವ ಮೊದಲು ಒಂದು ಕ್ಯಾಲ್ಕ್ಯುಲೇಟರ್ ಹಿಡಿದು ಕೂಡಿ.

ಹಂತ 1: ಮೆಟ್ಟಿಲು ತಿಳಿಯಿರಿ
8 ಬಿಟ್ ಸೇರಿದರೆ 1 ಬೈಟ್. ಅಲ್ಲಿಂದ ಮೇಲೆ 1024 ಬೈಟಿಗೆ 1 ಕೆಬಿ, 1024 ಕೆಬಿಗೆ 1 ಎಂಬಿ, 1024 ಎಂಬಿಗೆ 1 ಜಿಬಿ, 1024 ಜಿಬಿಗೆ 1 ಟಿಬಿ. ಎರಡನ್ನು ಹತ್ತು ಸಲ ಗುಣಿಸಿದರೆ 1024 ಬರುತ್ತದೆ. ಎಂಟಾಣೆ, ನಾಲ್ಕಾಣೆ, ಎರಡಾಣೆ ಎಂದು ರೂಪಾಯಿಯನ್ನು ಅರ್ಧರ್ಧ ಮಾಡುತ್ತಿದ್ದ ಹಿರಿಯರಿಗೆ ಈ ಲೆಕ್ಕ ನಮಗಿಂತ ಬೇಗ ಹಿಡಿಸೀತು.

ಹಂತ 2: ಹತ್ತುವುದೋ, ಇಳಿಯುವುದೋ?
ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಾಗ ಪ್ರತಿ ಮೆಟ್ಟಿಲಿಗೂ 1024ರಿಂದ ಗುಣಿಸಿ, ಹತ್ತುವಾಗ ಭಾಗಿಸಿ. 3 ಜಿಬಿ ಎಂದರೆ 3072 ಎಂಬಿ. 512 ಕೆಬಿ ಎಂದರೆ ಅರ್ಧ ಎಂಬಿ.

ಹಂತ 3: ಬರೆದವರು ಯಾರು ನೋಡಿ
ಎಲ್ಲರೂ ಎಡವುವುದು ಇಲ್ಲೇ. ಪೆನ್‌ಡ್ರೈವ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ: ಅವರ 64 ಜಿಬಿ ಎಂದರೆ 6,400 ಕೋಟಿ ಬೈಟ್. ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ. ಹತ್ತುತ್ತಾ ಹೋಗಿ:

6,400 ಕೋಟಿ ÷ 1024 = 6,25,00,000
÷ 1024 = 61,035
÷ 1024 = 59.6

ಕಳೆದದ್ದೇನೂ ಇಲ್ಲ. 58 ಕಂಡರೂ ಗಾಬರಿ ಬೇಡ, ಕೆಲವು ಡ್ರೈವ್‌ಗಳು ಸ್ವಲ್ಪ ಜಾಗವನ್ನು ತಮ್ಮ ಕೆಲಸಕ್ಕೇ ಇಟ್ಟುಕೊಳ್ಳುತ್ತವೆ. ಈ ಗೊಂದಲ ಕಳೆಯಲೆಂದೇ 1998ರಲ್ಲಿ ಐಇಸಿ ಸಂಸ್ಥೆ 1024ರ ಅಳತೆಗಳಿಗೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರು ಕೊಟ್ಟಿತು. ವಿಂಡೋಸ್ ಈಗಲೂ ಜಿಬಿ ಎಂದೇ ತೋರಿಸುತ್ತದೆ. ಆ ಹಟ ನನಗಂತೂ ಅರ್ಥವಾಗಿಲ್ಲ.

ಹಂತ 4: ಅರ್ಜಿಯ ಫೋಟೊ
ವಾಡಿಯ ಆನ್‌ಲೈನ್ ಸೆಂಟರಿನಲ್ಲಿ ಕೂತು ರೈಲ್ವೆ ನೌಕರಿಗೆ ಅರ್ಜಿ ಹಾಕುವಾಗ ಫೋಟೊ 50 ಕೆಬಿ ಮೀರಬಾರದು ಎಂದಿತ್ತು ಅನ್ನಿ. ಅದು 50,000 ಬೈಟೋ 51,200 ಬೈಟೋ ಎಂದು ತಲೆ ಕೆಡಿಸಿಕೊಳ್ಳಬೇಡಿ, 50,000ದ ಒಳಗೇ ಇಳಿಸಿ. ಎರಡೂ ಲೆಕ್ಕಕ್ಕೆ ದಾಟುತ್ತದೆ.

ಹಂತ 5: ಮದುವೆ ವಿಡಿಯೋ
ಶಹಾಬಾದಿನ ಸ್ಟುಡಿಯೋದ ಮ್ಯಾಕ್ ಕಂಪ್ಯೂಟರಿನಲ್ಲಿ ಮದುವೆಯ ಫೈಲು 4.2 ಜಿಬಿ ಎಂದು ಕಾಣುತ್ತಿದೆ ಎಂದುಕೊಳ್ಳಿ. ನಿಮ್ಮ ಹಳೆಯ ಪೆನ್‌ಡ್ರೈವ್ ಫ್ಯಾಟ್32 ಬಗೆಯದು. ಅದರಲ್ಲಿ ಎಷ್ಟೇ ಜಾಗ ಖಾಲಿಯಿದ್ದರೂ 4 ಜಿಬಿಯಷ್ಟು ದೊಡ್ಡ ಒಂದೇ ಫೈಲು ಹಿಡಿಯದು. ಹಾಗಾದರೆ ಕಾಪಿ ಆಗುವುದಿಲ್ಲವೇ? ಆಗುತ್ತದೆ. ಮ್ಯಾಕ್ ಸಾವಿರದ ಲೆಕ್ಕದ್ದು, ಅದರ 4.2 ಎಂದರೆ 420 ಕೋಟಿ ಬೈಟ್. ಫ್ಯಾಟ್32ರ ಮಿತಿ 1024ರ ಲೆಕ್ಕದ್ದು, 429 ಕೋಟಿಗೂ ತುಸು ಹೆಚ್ಚು. ಅದೇ ಫೈಲು 4.4 ಇದ್ದರೆ ಮಾತ್ರ ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು. ಹಾಗೆ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ಇಳಿಸಿಕೊಳ್ಳಿ.

ಹಂತ 6: ಇಂಟರ್ನೆಟ್ ವೇಗ
ಇಲ್ಲಿ ಹೇಳುವುದು ಬಿಟ್, ಬೈಟ್ ಅಲ್ಲ. ಚಿತ್ತಾಪುರದ ಮನೆಯ ಸಂಪರ್ಕ 40 ಎಂಬಿಪಿಎಸ್ ಇದ್ದರೆ 8ರಿಂದ ಭಾಗಿಸಿ: ಸೆಕೆಂಡಿಗೆ 5 ಎಂಬಿ. ಆ ಮದುವೆ ವಿಡಿಯೋ ಕಳಿಸಲು, ಅಪ್‌ಲೋಡ್ ವೇಗವೂ ಅಷ್ಟೇ ಇದ್ದರೆ, 14 ನಿಮಿಷ ಬೇಕು.