ನಿತ್ಯಪುಷ್ಪ ಮತ್ತು ಕ್ಯಾನ್ಸರ್ ಔಷಧ: ಕಚ್ಚಾಮಾಲಿನ ವ್ಯಾಪಾರಕ್ಕೊಂದು ಪಾಠ

ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ ಅಥವಾ ಕಾಶಿಕಣಗಿಲೆಯನ್ನು ಕಾಣದ ಅಂಗಳಗಳು ವಿರಳ. ಮಡಗಾಸ್ಕರ್ ಮೂಲದ ಈ ಗಿಡದ ಎಲೆಯಲ್ಲಿರುವ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಎಂಬ ಆಲ್ಕಲಾಯ್ಡ್‌ಗಳು ಇಂದಿಗೂ ಕ್ಯಾನ್ಸರ್ ಚಿಕಿತ್ಸೆಯ ಮುಖ್ಯ ಔಷಧಗಳಾಗಿವೆ. ಗಿಡ ಸುಲಭ, ಸತ್ವ ದುರ್ಲಭ. ಈ ವ್ಯತ್ಯಾಸವನ್ನು ಅರಿತವರಿಗೆ ಮಾತ್ರ ಈ ವ್ಯಾಪಾರ ಒಲಿಯುತ್ತದೆ.

ಶೋಧದ ಹಿನ್ನೆಲೆ

1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರು ಜಮೈಕಾದಿಂದ ಬಂದ ಈ ಎಲೆಗಳಲ್ಲಿ ಮಧುಮೇಹದ ಔಷಧವನ್ನು ಅರಸಿದರು. ಸಕ್ಕರೆಯ ಅಂಶ ಇಳಿಯಲಿಲ್ಲ. ಬದಲಾಗಿ ಪ್ರಯೋಗದ ಇಲಿಗಳಲ್ಲಿ ಬಿಳಿ ರಕ್ತಕಣಗಳು ಕುಸಿದವು. ಈ ಸುಳಿವೇ ವಿನ್‌ಬ್ಲಾಸ್ಟಿನ್ ಶೋಧಕ್ಕೆ ದಾರಿಯಾಯಿತು. 1963ರಲ್ಲಿ ಅಮೆರಿಕದಲ್ಲಿ ವಿನ್‌ಕ್ರಿಸ್ಟಿನ್‌ಗೆ ಮಾನ್ಯತೆ ದೊರೆಯಿತು. ಮಕ್ಕಳ ರಕ್ತಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದರ ಪಾತ್ರ ಹಿರಿದು.

ಜೀವಕೋಶವು ವಿಭಜನೆಗೊಳ್ಳುವಾಗ ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಸೂಕ್ಷ್ಮನಾಳಗಳು ರಚನೆಗೊಂಡು ವರ್ಣತಂತುಗಳನ್ನು ಬೇರ್ಪಡಿಸುತ್ತವೆ. ಈ ಔಷಧಗಳು ಟ್ಯೂಬುಲಿನ್‌ಗೆ ಅಂಟಿಕೊಂಡು ಆ ರಚನೆಯನ್ನು ತಡೆಯುವುದರಿಂದ ಕೋಶವಿಭಜನೆ ನಿಲ್ಲುತ್ತದೆ. ಆರೋಗ್ಯವಂತ ಕೋಶಗಳಿಗೂ ನರಗಳಿಗೂ ಇವು ಹಾನಿ ಮಾಡಬಲ್ಲವು. ಆದುದರಿಂದ ಎಲೆಯನ್ನು ಮನೆಮದ್ದಾಗಿ ಸೇವಿಸುವುದು ಅಪಾಯಕರ.

ತೂಕದ ಲೆಕ್ಕ

ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ, ಒಂದು ಗ್ರಾಂ ವಿನ್‌ಕ್ರಿಸ್ಟಿನ್‌ಗೆ ಸುಮಾರು 2,000 ಕಿಲೋ ಒಣ ಎಲೆ ಬೇಕೆಂದು ಅಂದಾಜು. ಅಂದರೆ ಹತ್ತು ಟನ್ ಎಲೆಯಿಂದ ದೊರೆಯುವ ವಿನ್‌ಬ್ಲಾಸ್ಟಿನ್ ಕೇವಲ 20 ಗ್ರಾಂ. ಔಷಧದ ಬೆಲೆಯನ್ನು ಕಂಡು ಎಲೆಗೂ ಅದೇ ಬೆಲೆ ಬಂದೀತೆಂದು ಭಾವಿಸುವುದು ತಪ್ಪು. ಮೌಲ್ಯದ ಬಹುಪಾಲು ಸೃಷ್ಟಿಯಾಗುವುದು ಬೇರ್ಪಡಿಸುವ ಮತ್ತು ಶುದ್ಧೀಕರಿಸುವ ಹಂತಗಳಲ್ಲಿ. ಬೇರಿನಲ್ಲಿರುವ ಅಜ್ಮಲಿಸಿನ್ ರಕ್ತಸಂಚಾರ ಸಂಬಂಧಿ ಔಷಧಗಳಿಗೆ ಉಪಯುಕ್ತವಾದುದರಿಂದ ಎಲೆ ಮತ್ತು ಬೇರುಗಳನ್ನು ಬೇರೆ ಬೇರೆಯಾಗಿ ಒಣಗಿಸಿ ಮಾರುವುದು ಲಾಭಕರ. ಲಕ್ನೋದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯು ‘ನಿರ್ಮಲ್’ ಮತ್ತು ‘ಧವಲ್’ ತಳಿಗಳನ್ನು ನೀಡಿದೆ.

ಮಲೆನಾಡಿನ ಎಚ್ಚರಿಕೆ

ನಿತ್ಯಪುಷ್ಪವನ್ನು ಹೊಲದಲ್ಲಿ ಬೆಳೆಯಬಹುದು. ಪಶ್ಚಿಮ ಘಟ್ಟದ ದುರ್ವಾಸನೆ ಮರದ ಕಥೆ ಬೇರೆ. 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಪ್ರತ್ಯೇಕಗೊಂಡಿತು. 1972ರಲ್ಲಿ ಭಾರತೀಯ ವಿಜ್ಞಾನಿಗಳಾದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನು ಈ ಮರದಲ್ಲಿಯೂ ಗುರುತಿಸಿದರು. ಅದರಿಂದ ರೂಪುಗೊಂಡ ಟೊಪೊಟೆಕಾನ್ ಮತ್ತು ಇರಿನೊಟೆಕಾನ್‌ಗಳಿಗೆ 1996ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆತು ಬೇಡಿಕೆ ಏರಿತು. ಕಾಂಡ ಮತ್ತು ಬೇರಿಗಾಗಿ ಮರಗಳನ್ನೇ ಕಡಿದುದರಿಂದ ಸಂತತಿ ಕ್ಷೀಣಿಸಿತು. ಬುಡವನ್ನೇ ಕಿತ್ತು ನಡೆಸುವ ವ್ಯಾಪಾರ ತನ್ನ ಬಂಡವಾಳವನ್ನು ತಾನೇ ತಿನ್ನುತ್ತದೆ.

ಉದ್ಯಮಿಗಳು ಗಮನಿಸಬೇಕಾದುದು

ಮೊದಲನೆಯದಾಗಿ, ಖರೀದಿ ಒಪ್ಪಂದವು ತೂಕದ ಜೊತೆಗೆ ತೇವಾಂಶ ಮತ್ತು ಆಲ್ಕಲಾಯ್ಡ್ ಶೇಕಡಾವಾರನ್ನೂ ಆಧರಿಸಿರಬೇಕು. ಪ್ರತಿ ಕಂತಿಗೂ ಪ್ರಯೋಗಾಲಯದ ವರದಿ ಅಗತ್ಯ.

ಎರಡನೆಯದಾಗಿ, 2002ರ ಜೈವಿಕ ವೈವಿಧ್ಯ ಕಾಯಿದೆಗೆ 2023ರಲ್ಲಿ ತಂದ ತಿದ್ದುಪಡಿಯು ಬೆಳೆಸಿದ ಔಷಧೀಯ ಸಸ್ಯಗಳಿಗೆ ವಿನಾಯಿತಿಗಳನ್ನು ನೀಡಿದೆ. ಅದನ್ನು ಪಡೆಯಲು ಸಸ್ಯದ ಮೂಲವನ್ನು ಸಾಬೀತುಪಡಿಸುವ ಪ್ರಮಾಣಪತ್ರ ಬೇಕಾಗುತ್ತದೆ. ಆದುದರಿಂದ ಯಾವ ಹೊಲದ ಸರಕೆಂಬ ದಾಖಲೆಯನ್ನು ಮೊದಲ ದಿನದಿಂದಲೇ ಇಡತಕ್ಕದ್ದು.

ಮೂರನೆಯದಾಗಿ, ಎಲೆಪುಡಿಯನ್ನು ಕ್ಯಾನ್ಸರ್ ವಾಸಿಮಾಡುವ ವಸ್ತುವೆಂದು ಪ್ರಚಾರ ಮಾಡಬಾರದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯು ಇಂತಹ ಜಾಹೀರಾತನ್ನು ನಿಷೇಧಿಸಿದೆ. ಕಾನೂನಿಗಿಂತ ಮಿಗಿಲಾದ ಕಾರಣವೂ ಉಂಟು: ಪುಡಿಯನ್ನು ನಂಬಿ ಆಸ್ಪತ್ರೆಗೆ ತಡವಾಗಿ ಹೋದ ರೋಗಿಗೆ ಕಳೆದ ಕಾಲ ಮರಳಿ ಬಾರದು.

ಕೊನೆಯದಾಗಿ, 2022ರಲ್ಲಿ ವಿಜ್ಞಾನಿಗಳು ವಿನ್‌ಬ್ಲಾಸ್ಟಿನ್‌ನ ಪೂರ್ವವಸ್ತುಗಳನ್ನು ಯೀಸ್ಟ್‌ನಲ್ಲಿ ತಯಾರಿಸಿ ತೋರಿಸಿದ್ದಾರೆ. ಈ ವಿಧಾನವು ಅಗ್ಗವಾದ ದಿನ ಎಲೆಯ ಬೇಡಿಕೆ ಇಳಿಯಬಹುದು. ಒಂದೇ ಬೆಳೆಗೆ, ಒಬ್ಬನೇ ಖರೀದಿದಾರನಿಗೆ ಬಂಡವಾಳವನ್ನೆಲ್ಲ ಕಟ್ಟಿಹಾಕದಿರುವುದು ಜಾಣತನ.