ನಡುಗುವ ಕೈಗೆ ಆಸರೆ

ಸಭೆಯ ಕೂಟಗಳಲ್ಲಿ ಓದಿ ವಿಚಾರಿಸತಕ್ಕ ಪಾಠ
ಓದತಕ್ಕ ವೇದಭಾಗಗಳು: ವಿಮೋಚನಕಾಂಡ 17:8-13, ಯೋಹಾನ 9:1-3



ಅಮಾಲೇಕ್ಯರೊಡನೆ ಯುದ್ಧ ನಡೆದ ದಿವಸದಲ್ಲಿ ಗುಡ್ಡದ ಮೇಲೆ ನಿಂತಿದ್ದ ಮೋಶೆಯ ಕೈಗಳು ಸೋತುಹೋದವೆಂಬದನ್ನು ನೀವೆಲ್ಲರೂ ಬಲ್ಲಿರಿ. ಆಗ ಆತನ ಭಕ್ತಿ ಕಡಿಮೆಯಾಯಿತೆಂದು ಜತೆಯಲ್ಲಿದ್ದವರು ಹೇಳಲಿಲ್ಲ. ಕೂತುಕೊಳ್ಳುವದಕ್ಕೆ ಒಂದು ಕಲ್ಲನ್ನು ತಂದಿಟ್ಟರು. ಆರೋನನು ಒಂದು ಕಡೆಯಲ್ಲಿಯೂ ಹೂರನು ಇನ್ನೊಂದು ಕಡೆಯಲ್ಲಿಯೂ ನಿಂತು ಹೊತ್ತು ಮುಳುಗುವ ತನಕ ಆ ಕೈಗಳಿಗೆ ಆಧಾರವಾದರು. ಮೋಶೆಗೆ ಆದದ್ದು ದಣಿವೇ ಹೊರತು ರೋಗವಲ್ಲ. ಆದರೂ ಕೈ ಸೋತವನಿಗೆ ನಾವು ಏನು ಮಾಡತಕ್ಕದ್ದೆಂಬದನ್ನು ಈ ಸಂಗತಿಯು ಕಲಿಸುತ್ತದೆ.

ನಮ್ಮ ಸಭೆಯ ಹಿರಿಯರೊಬ್ಬರು ಮೂರು ಸಾರಿ ಕರ್ತನ ಭೋಜನಕ್ಕೆ ಬಾರದೆ ಉಳಿದರು. ಅವರು ಕುಡಿಯಲಾರಂಭಿಸಿದ್ದಾರೆಂದು ಕೆಲವರು, ಯಾರೋ ಮಾಟ ಮಾಡಿಸಿದ್ದಾರೆಂದು ಕೆಲವರು ಆಡಿಕೊಂಡರು. ನಾನು ಮನೆಗೆ ಹೋಗಿ ವಿಚಾರಿಸಲಾಗಿ ಅವರು ಬಲಗೈಯನ್ನು ಹೊದಿಕೆಯೊಳಗೆ ಅಡಗಿಸಿಕೊಂಡು, “ಉಪದೇಶಿಗಳೇ, ಪಾತ್ರೆ ಹಿಡಿದರೆ ಚೆಲ್ಲುತ್ತದೆ. ಎಲ್ಲರೆದುರಿಗೆ ಕರ್ತನ ಪಾತ್ರೆಯನ್ನು ಚೆಲ್ಲುವದಕ್ಕಿಂತ ಮನೆಯಲ್ಲಿರುವದೇ ಲೇಸು” ಅಂದರು. ಆ ಮಾತು ನನ್ನನ್ನು ಚುಚ್ಚಿತು. ಮೂರು ತಿಂಗಳು ನಾನೂ ಕೇಳದೆ ಸುಮ್ಮನಿದ್ದೆನಲ್ಲಾ!

1. ಈ ರೋಗವು ಯಾವದು?

ಇದಕ್ಕೆ ಪಾರ್ಕಿನ್ಸನ್ ರೋಗವೆಂದು ಹೆಸರು. 1817ನೆಯ ಇಸವಿಯಲ್ಲಿ ಲಂಡನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನು ಆರು ಮಂದಿಯ ಸ್ಥಿತಿಯನ್ನು ನೋಡಿ ಇದನ್ನು ವಿವರಿಸಿ ಬರೆದನು. ನಮ್ಮ ದೇಶದ ಆಯುರ್ವೇದ ಪಂಡಿತರು ನಡುಕದ ರೋಗವನ್ನು ಕಂಪವಾತವೆಂದು ಕರೆಯುತ್ತಾ ಬಂದಿದ್ದಾರೆ. ಮಿದುಳಿನ ಒಳಗಡೆ ಕಪ್ಪು ಬಣ್ಣದ ಒಂದು ಚಿಕ್ಕ ಭಾಗವುಂಟು. ಅಲ್ಲಿಯ ಜೀವಕಣಗಳು ಡೋಪಮೀನ್ ಎಂಬ ರಸವನ್ನು ಹುಟ್ಟಿಸುತ್ತವೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ನಮ್ಮ ಚಲನೆಗೆ ಆ ರಸವು ಹಾಗೆ. ಕಣಗಳು ಸಾಯುತ್ತಾ ಬಂದಂತೆ ರಸವು ಕಡಿಮೆಯಾಗಿ ಕೈಕಾಲುಗಳು ಬಿಗಿಯುತ್ತವೆ, ಕೆಲಸವು ನಿಧಾನವಾಗುತ್ತದೆ, ಸುಮ್ಮನಿರುವ ಕೈ ನಡುಗುತ್ತದೆ. ಅಕ್ಷರವು ಸಣ್ಣದಾಗುತ್ತದೆ, ಸ್ವರವು ಕುಗ್ಗುತ್ತದೆ, ಮುಖದಲ್ಲಿ ನಗೆಯು ಸುಲಭವಾಗಿ ಮೂಡುವದಿಲ್ಲ. ಅನೇಕರಿಗೆ ಇದಕ್ಕೆ ಎಷ್ಟೋ ವರುಷ ಮುಂಚೆಯೇ ವಾಸನೆ ತಿಳಿಯದೆ ಹೋಗುವದೂ ಮಲಬದ್ಧತೆಯೂ ಉಂಟಾಗುತ್ತವೆ.

ಇದು ಹೆಚ್ಚಾಗಿ 60 ವರುಷ ದಾಟಿದವರಿಗೆ ಬರುತ್ತದೆ. 50ಕ್ಕೆ ಮೊದಲು ಬರುವದೂ ಉಂಟು. ಅಂಟುರೋಗವಲ್ಲ; ಮಾಟದಿಂದ ಬಂದದ್ದಲ್ಲ. ಕುರುಡನನ್ನು ಕಂಡು ಇವನ ಪಾಪವೋ ತಂದೆತಾಯಿಗಳ ಪಾಪವೋ ಎಂದು ಕೇಳಿದ ಶಿಷ್ಯರಿಗೆ ಯೇಸು ಕೊಟ್ಟ ಉತ್ತರವನ್ನು ನೆನಸಿರಿ. ಪೈರಿಗೆ ಸಿಂಪಡಿಸುವ ಕೆಲವು ವಿಷಗಳ ಸಂಪರ್ಕದಿಂದ ಈ ರೋಗದ ಭಯವು ಹೆಚ್ಚುತ್ತದೆಂದು ಪಂಡಿತರು ಕಂಡಿದ್ದಾರೆ. ಆದಕಾರಣ ಹೊಲದಲ್ಲಿ ಬರಿಗೈಯಿಂದ ಔಷಧಿ ಕಲಸಬೇಡಿರಿ. ಗಾಳಿಗೆ ಎದುರಾಗಿ ಸಿಂಪಡಿಸಬೇಡಿರಿ.

2. ಕಲ್ಲನ್ನು ತಂದಿಡುವದು: ದಿನದಿನದ ಏರ್ಪಾಡು

ಔಷಧ. ರೋಗವನ್ನು ಬೇರುಸಹಿತ ಕೀಳುವ ಔಷಧವು ಇನ್ನೂ ಇಲ್ಲ. ಆದರೆ 1960ರ ದಶಕದಿಂದ ಬಳಕೆಗೆ ಬಂದ ಲೆವೊಡೋಪ ಎಂಬದು ಬಿಗಿತವನ್ನೂ ನಿಧಾನವನ್ನೂ ಬಹಳವಾಗಿ ಸಡಿಲಿಸುತ್ತದೆ. ಅದನ್ನು ವೈದ್ಯರು ಹೇಳಿದ ಗಂಟೆಗೆ ಸರಿಯಾಗಿ, ಸಾಧ್ಯವಾದರೆ ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಬೇಳೆ, ಹಾಲು, ಮೊಟ್ಟೆ, ಮಾಂಸ ಇವು ಮಾತ್ರೆಯ ಸಂಗಡ ಹೊಟ್ಟೆಗೆ ಹೋದರೆ ಕೆಲವರಲ್ಲಿ ಅದರ ಬಲವನ್ನು ತಗ್ಗಿಸುತ್ತವೆ. ಇವುಗಳನ್ನು ಬಿಡಬೇಡಿರಿ, ಬೇರೆ ಹೊತ್ತಿನಲ್ಲಿ ತಿನ್ನಿರಿ. ನಸುಗುನ್ನಿಯ ಬೀಜದಲ್ಲಿಯೂ ಲೆವೊಡೋಪ ಇರುವದು ನಿಜ. ಆದರೆ ಅದರ ಅಳತೆ ತಿಳಿಯದು. ವೈದ್ಯರಿಗೆ ತಿಳಿಸದೆ ಅದನ್ನು ತಿನ್ನಬಾರದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಉಪವಾಸ ಪ್ರಾರ್ಥನೆಯ ದಿನವಾದರೂ ಮಾತ್ರೆಯನ್ನು ನಿಲ್ಲಿಸಬಾರದು. ಪ್ರಾರ್ಥನೆಯಾಯಿತು, ಇನ್ನು ಔಷಧವೇಕೆ ಎಂದು ಥಟ್ಟನೆ ಬಿಟ್ಟರೆ ಕಠಿಣವಾದ ಬಿಗಿತವೂ ಜ್ವರವೂ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಔಷಧವನ್ನು ತೆಗೆದುಕೊಳ್ಳುವದು ಅವಿಶ್ವಾಸವಲ್ಲ, ಲೂಕನು ವೈದ್ಯನಾಗಿದ್ದನಲ್ಲವೇ? ವಾಂತಿಗೆ ಕೊಡುವ ಕೆಲವು ಮದ್ದುಗಳು ಈ ರೋಗವನ್ನು ಹೆಚ್ಚಿಸುವದರಿಂದ ಯಾವ ವೈದ್ಯರ ಬಳಿಗೆ ಹೋದರೂ ರೋಗದ ಹೆಸರನ್ನು ಮೊದಲು ತಿಳಿಸಿರಿ.

ನಡಿಗೆ. ದಿನಾಲು ನಡೆಯುವದೂ ಕೈಕಾಲುಗಳನ್ನು ಚಾಚುವದೂ ಔಷಧದಷ್ಟೇ ಅವಶ್ಯ. ಬಾಗಲಲ್ಲಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟರೆ ಎಳೆಯಬೇಡಿರಿ. ಒಂದು ಕ್ಷಣ ನಿಂತು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿ, ಒಂದು ಎರಡು ಎಂದು ಎಣಿಸಿ ಹೆಜ್ಜೆ ಎತ್ತಬೇಕು. ಕೀರ್ತನೆಯ ತಾಳವೂ ಸಹಾಯಮಾಡುತ್ತದೆ. ಹೊಸ್ತಿಲ ಮುಂದೆ ನೆಲದ ಮೇಲೆ ಅಡ್ಡಲಾಗಿ ಸುಣ್ಣದ ಗೆರೆಗಳನ್ನು ಎಳೆದರೆ ಅನೇಕರು ಅವುಗಳನ್ನು ನೋಡಿ ದಾಟುತ್ತಾರೆ. ನಿಂತಲ್ಲೇ ತಿರುಗದೆ ಸುತ್ತುಹಾಕಿ ತಿರುಗಬೇಕು. ಮಲಗಿದ್ದವರು ತಟ್ಟನೆ ಏಳದೆ ಸ್ವಲ್ಪ ಕೂತು ಏಳಲಿ. ಇಲ್ಲವಾದರೆ ತಲೆ ಸುತ್ತೀತು. ಬಚ್ಚಲಲ್ಲಿ ಪಾಚಿಯನ್ನು ಉಜ್ಜಿ, ರಾತ್ರಿ ದೀಪವನ್ನು ಇಡಿರಿ.

ಊಟ ಮತ್ತು ಸ್ವರ. ನೆಟ್ಟಗೆ ಕೂತು, ಚಿಕ್ಕ ತುತ್ತುಗಳನ್ನು ನಿಧಾನವಾಗಿ ನುಂಗಬೇಕು. ಉಣ್ಣುವಾಗ ಕೆಮ್ಮು ಬಂದರೆ ವೈದ್ಯರಿಗೆ ತಿಳಿಸಿರಿ. ಸೊಪ್ಪು, ಹಣ್ಣು, ರಾಗಿ, ಸಾಕಷ್ಟು ನೀರು ಮಲಬದ್ಧತೆಗೆ ಒಳ್ಳೇದು. ದಿನಾಲು ವೇದವನ್ನು ಗಟ್ಟಿಯಾಗಿ ಓದಿದರೆ ಸ್ವರವು ಬಲಗೊಳ್ಳುತ್ತದೆ.

ಮನಸ್ಸು. ಕುಗ್ಗಿದ ಮನಸ್ಸೂ ಅಳುಕೂ ಕೆಟ್ಟ ನಿದ್ರೆಯೂ ಈ ರೋಗದ ಅಂಗಗಳೇ. ನಂಬಿಕೆ ಸಾಲದೆಂದು ಅಂಥವರನ್ನು ಗದರಿಸಬೇಡಿರಿ. ಮುಖವು ನಗದಿದ್ದರೂ ಒಳಗೆ ಪ್ರೀತಿಯುಂಟು.

3. ಆರೋನನೂ ಹೂರನೂ

ಕೈಗೆ ಆಧಾರವಾದವರು ಇಬ್ಬರು, ಒಬ್ಬನಲ್ಲ. ನಮ್ಮ ಮನೆಗಳಲ್ಲಿಯಾದರೋ ಹೆಂಡತಿಯೋ ಸೊಸೆಯೋ ಒಬ್ಬಳೇ ಹೊತ್ತು ಮುಳುಗಿದ ಮೇಲೆಯೂ ಹಿಡಿದುಕೊಂಡಿರುತ್ತಾಳೆ. ಆ ಹಿರಿಯರ ಸೊಸೆಯು ರಾತ್ರಿಯಲ್ಲಿ ನಾಲ್ಕು ಸಾರಿ ಎದ್ದು ಮಾವನನ್ನು ಮಗ್ಗುಲು ತಿರುಗಿಸಿ, ಬೆಳಿಗ್ಗೆ ಕೂಲಿಗೆ ಹೋಗುತ್ತಿದ್ದಳು. ಸಭೆಯವರು ಸರದಿಯ ಪ್ರಕಾರ ಒಂದು ಸಂಜೆ ಹಿರಿಯರನ್ನು ನಡೆಸಿಕೊಂಡು ಹೋದರೆ ಆಕೆಗೆ ಒಂದು ಗಳಿಗೆಯ ನಿದ್ರೆಯಾದರೂ ದೊರೆಯುವದು. ವೈದ್ಯರ ಬಳಿಗೆ ಜತೆಯಾಗಿ ಹೋಗುವದೂ ಅಂಥದೇ ಸೇವೆ.

ನಾವು ಮಾಡಿದ್ದು ಇಷ್ಟೇ. ಮಾತ್ರೆಯ ಬಲವು ಆರಾಧನೆಯ ಹೊತ್ತಿಗೆ ಒದಗುವಂತೆ ವೈದ್ಯರನ್ನು ಕೇಳಿ ಸಮಯವನ್ನು ಗೊತ್ತುಮಾಡಿದೆವು. ಪಾತ್ರೆಯಲ್ಲಿ ಅರ್ಧ ಮಾತ್ರ ತುಂಬಿದೆವು. ಅವರ ಪಕ್ಕದಲ್ಲಿ ಮೊಣಕಾಲೂರಿದ ಸಹೋದರನು ತನ್ನ ಕೈಯನ್ನು ಅವರ ಕೈಯ ಕೆಳಗೆ ಇಟ್ಟನು. ಕೈ ನಡುಗಿತು, ಎರಡು ಹನಿ ಬಿಳೀ ಬಟ್ಟೆಯ ಮೇಲೆ ಬಿದ್ದವು. ಹಿರಿಯರು ಪಾನಮಾಡಿದರು. ಆ ಬಟ್ಟೆಯನ್ನು ಒಗೆಯುವದಕ್ಕೆ ಕೊಂಡುಹೋದವಳು, ಅವರು ಕುಡಿದಿದ್ದಾರೆಂದು ಹಿಂದೆ ಆಡಿಕೊಂಡವರಲ್ಲಿ ಒಬ್ಬಳು.

ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಸಭೆಯಲ್ಲಿ ನಾಚಿಕೆಯಿಂದ ಮನೆಯಲ್ಲಿ ಉಳಿದವರು ಯಾರು? ಅವರನ್ನು ಕೇಳಿದವರು ಯಾರು?
2. ರೋಗಿಗೋಸ್ಕರ ಪ್ರಾರ್ಥಿಸುವದೂ ಅವನ ಮಾತ್ರೆಯ ಗಂಟೆಯನ್ನು ನೆನಪಿಸುವದೂ ಒಂದಕ್ಕೊಂದು ವಿರೋಧವೋ?
3. ಈ ವಾರದಲ್ಲಿ ಯಾವ ಮನೆಯ ಆರೋನನಿಗೆ ನೀನು ಹೂರನಾಗುವಿ?